ಹೀರೆ ಹೂವಿಗೆ ದುಂಬಿ ಬರಬೇಕಾದರೆ ಕೈತೋಟದಲ್ಲಿ ಏನಿರಬೇಕು?

ತಾರಸಿ ತೋಟ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆ ಇದು. "ಬಳ್ಳಿ ಚೆನ್ನಾಗಿ ಹಬ್ಬಿದೆ, ಹೂವೂ ಬಿಡ್ತಿದೆ. ಆದ್ರೆ ಎಳೇ ಕಾಯಿ ಹಳದಿಯಾಗಿ ಉದುರಿ ಹೋಗ್ತಿದೆ. ಏನು ಗೊಬ್ಬರ ಹಾಕಬೇಕು?"

ಎಷ್ಟೋ ಸಲ ಗೊಬ್ಬರದಿಂದ ಇದು ಸರಿಹೋಗುವುದಿಲ್ಲ. ಆ ಹೂವಿಗೆ ಬರಬೇಕಾದವರು ಬಂದಿರುವುದಿಲ್ಲ. ಮೂರನೇ ಮಹಡಿಯ ತಾರಸಿ, ಸುತ್ತ ಸಿಮೆಂಟು, ಕೆಳಗೆ ರಸ್ತೆ. ಜೇನುಹುಳವೋ ದುಂಬಿಯೋ ಅಲ್ಲಿಯ ತನಕ ಯಾಕೆ ಬರಬೇಕು ಹೇಳಿ? ಒಂದು ಹೀರೆ ಬಳ್ಳಿಗಾಗಿ ಯಾರೂ ಅಷ್ಟು ದೂರ ಬರುವುದಿಲ್ಲ. ಅವು ಬರುವಂಥ, ಬಂದು ಉಳಿಯುವಂಥ ಗಿಡಗಳನ್ನು ಆರಿಸುವುದು ಹೇಗೆ ಅನ್ನುವುದನ್ನು ಮೊದಲಿನಿಂದ ನೋಡೋಣ.

ಎಳೆ ಕಾಯಿ ಯಾಕೆ ಉದುರುತ್ತದೆ?

ಕುಂಬಳ, ಸೋರೆ, ಹೀರೆ, ಹಾಗಲ, ಪಡವಲ, ಸೌತೆ ಎಲ್ಲ ಒಂದೇ ಕುಟುಂಬ. ಇವುಗಳಲ್ಲಿ ಸಾಮಾನ್ಯವಾಗಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಗುರುತಿಸುವುದು ಸುಲಭ. ಹೂವಿನ ಬುಡದಲ್ಲೇ ಪುಟ್ಟ ಕಾಯಿ ಇದ್ದರೆ ಅದು ಹೆಣ್ಣು. ಬರೀ ತೊಟ್ಟು ಇದ್ದರೆ ಗಂಡು. ಗಂಡು ಹೂವಿನ ನಡುವೆ ಹಳದಿ ಪುಡಿ ಇರುತ್ತದಲ್ಲ, ಅದೇ ಪರಾಗ. ಅದು ಹೆಣ್ಣು ಹೂವಿನ ನಡುವಿನ ಅಂಟಂಟು ತುದಿಗೆ ಮುಟ್ಟಬೇಕು. ಹಾಗೆ ಮುಟ್ಟುವುದಕ್ಕೆ ಪರಾಗಸ್ಪರ್ಶ ಎನ್ನುತ್ತಾರೆ. ಮುಟ್ಟಿದರೆ ಬೀಜ ಕಟ್ಟುತ್ತದೆ, ಕಾಯಿ ಬೆಳೆಯುತ್ತದೆ. ಮುಟ್ಟದಿದ್ದರೆ ಗಿಡ ಆ ಕಾಯಿಯನ್ನು ಕೈಬಿಡುತ್ತದೆ. (ಹಣ್ಣುನೊಣ ಚುಚ್ಚಿದರೂ ಕಾಯಿ ಉದುರುತ್ತದೆ. ಉದುರಿದ ಕಾಯಿಯನ್ನು ಸೀಳಿ ನೋಡಿ. ಒಳಗೆ ಹುಳ ಇಲ್ಲದಿದ್ದರೆ ಪರಾಗ ಸಿಕ್ಕಿಲ್ಲದಿರುವ ಸಾಧ್ಯತೆಯೇ ಜಾಸ್ತಿ.)

ಮುಸುಕಿನ ಜೋಳದ ಪರಾಗ ಹಗುರ, ಗಾಳಿಯಲ್ಲಿ ಹಾರಿಹೋಗುತ್ತದೆ. ಕುಂಬಳ, ಹೀರೆಯ ಪರಾಗ ದಪ್ಪ, ಅಂಟು. ಅದನ್ನು ಯಾರಾದರೂ ಹೊತ್ತುಕೊಂಡೇ ಹೋಗಬೇಕು. ಹೊರುವವರಿಗೆ ಕೂಲಿಯೂ ಇದೆ. ಹೂವಿನೊಳಗಿನ ಸಿಹಿ ರಸ, ಅಂದರೆ ಮಕರಂದ. ಪರಾಗವೂ ಅವುಗಳಿಗೆ ಆಹಾರವೇ.

ಹೊರುವವರು ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದನ್ನು ಮಲೆನಾಡಿನವರು ಚೆನ್ನಾಗಿ ಬಲ್ಲರು. 2000ದ ಆಸುಪಾಸಿನಲ್ಲಿ ಅಲ್ಲಿ ತುಂಬ ಜನ ವೆನಿಲಾ ಬೆಳೆದರು. ಅದು ಮೆಕ್ಸಿಕೋ ಕಡೆಯ ಬಳ್ಳಿ. ಅಲ್ಲಿ ಆ ಹೂವಿಗೆ ಬರುವ ಜೇನುಹುಳ ನಮ್ಮಲ್ಲಿಲ್ಲ. ಹೂವು ಬೆಳಗ್ಗೆ ಅರಳಿ ಅದೇ ದಿನ ಬಾಡುತ್ತದೆ. ಹಾಗಾಗಿ ಮನೆಮಂದಿ ಬೆಳಗಾಗುತ್ತಿದ್ದಂತೆ ತೋಟಕ್ಕೆ ಹೋಗಿ, ಸಣ್ಣ ಕಡ್ಡಿ ಹಿಡಿದು, ಒಂದೊಂದೇ ಹೂವಿಗೆ ಕೈಯಿಂದ ಪರಾಗ ಮುಟ್ಟಿಸಬೇಕಿತ್ತು. ಈ ಉಪಾಯ ಕಂಡುಹಿಡಿದವನು ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್. 1841ರಲ್ಲಿ ಅವನು ಹನ್ನೆರಡು ವರ್ಷದ ಹುಡುಗ, ಗುಲಾಮಗಿರಿಯಲ್ಲಿ ಹುಟ್ಟಿದವನು. ಒಂದು ಪುಟ್ಟ ಹುಳ ಪುಕ್ಕಟೆ ಮಾಡುವ ಕೆಲಸವನ್ನು ಮನುಷ್ಯ ಮಾಡಲು ಹೋದರೆ ಎಷ್ಟು ದುಡಿಮೆ ಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಹೂವಿಗೆ ಬರುವವರು ಯಾರು?

ಜೇನು ಅಂದ ಕೂಡಲೇ ನಮಗೆ ಗೂಡು, ತುಪ್ಪ ನೆನಪಾಗುತ್ತದೆ. ಮರದ ಕೊಂಬೆಗೋ ದೊಡ್ಡ ಕಟ್ಟಡಕ್ಕೋ ಜೋತುಬೀಳುವ ಹೆಜ್ಜೇನು, ಪೊಟರೆಯಲ್ಲಿ ಮತ್ತು ಪೆಟ್ಟಿಗೆಯಲ್ಲಿ ಇರುವ ತುಡುವೆ, ಪೊದೆಯ ಕಡ್ಡಿಗೆ ಗೂಡು ಕಟ್ಟುವ ಕೋಲುಜೇನು, ಗೋಡೆಯ ಬಿರುಕಿನಲ್ಲಿ ಮೇಣದ ಕೊಳವೆಯಂಥ ಬಾಗಿಲು ಮಾಡಿಕೊಳ್ಳುವ ಮುಜಂಟಿ. ಮುಜಂಟಿ ಚುಚ್ಚುವುದಿಲ್ಲ. ಅದು ಗೂಡಿನಿಂದ ಕೆಲವು ನೂರು ಮೀಟರ್‌ಗಿಂತ ಆಚೆ ಹೋಗುವುದು ಕಡಿಮೆ. ಅದಕ್ಕೆ ಹತ್ತಿರದಲ್ಲೇ ಹೂ ಬೇಕು.

ಜಗತ್ತಿನಲ್ಲಿ ಸುಮಾರು 20,000 ಬಗೆಯ ಜೇನುಹುಳಗಳಿವೆ. ಅವುಗಳಲ್ಲಿ ಹೆಚ್ಚಿನವು ಗುಂಪು ಕಟ್ಟುವುದಿಲ್ಲ, ತುಪ್ಪ ಕೂಡಿಡುವುದಿಲ್ಲ, ಒಂಟಿಯಾಗಿ ಬದುಕುತ್ತವೆ. ನಮ್ಮ ತೋಟದಲ್ಲಿ ಗುಂಯ್ ಎಂದು ಸದ್ದು ಮಾಡುತ್ತ ಹಾರುವ ದಪ್ಪ ಕಪ್ಪು ಬಡಗಿ ದುಂಬಿ ಇಂಥದ್ದೇ. ಹೊಟ್ಟೆಯ ಮೇಲೆ ನೀಲಿ ಪಟ್ಟೆ ಇರುವ, ಒಂದು ಕ್ಷಣವೂ ಸುಮ್ಮನೆ ಕೂರದ ಜೇನುಹುಳವೂ ಇಂಥದ್ದೇ.

ಇವೆರಡೂ ಬದನೆ, ಟೊಮೆಟೊ ಬೆಳೆಯುವವರ ನಿಜವಾದ ನೆಂಟರು. ಬದನೆ ಹೂವಿನ ನಡುವಿನ ಹಳದಿ ಕೊಳವೆಗಳನ್ನು ಉಪ್ಪಿನ ಡಬ್ಬಿ ಅಂದುಕೊಳ್ಳಿ. ತುದಿಯಲ್ಲಿ ಸಣ್ಣ ತೂತು, ಒಳಗೆ ಪರಾಗ. ಅಲುಗಾಡಿಸಿದರೆ ಮಾತ್ರ ಉದುರುತ್ತದೆ. ಬಡಗಿ ದುಂಬಿ ಮತ್ತು ನೀಲಿ ಪಟ್ಟೆಯ ಹುಳ ಹೂವನ್ನು ಅಪ್ಪಿ ಹಿಡಿದು ಮೈಯನ್ನು ಜೋರಾಗಿ ನಡುಗಿಸುತ್ತವೆ. ಪರಾಗ ಸುರಿಯುತ್ತದೆ. ತುಡುವೆಗೂ ಹೆಜ್ಜೇನಿಗೂ ಈ ವಿದ್ಯೆ ಬರುವುದಿಲ್ಲ. ಹಾಗಾಗಿ ತಾರಸಿಯಲ್ಲಿ ಜೇನುಪೆಟ್ಟಿಗೆ ಇಟ್ಟ ಮಾತ್ರಕ್ಕೆ ಬದನೆ ಹೆಚ್ಚು ಕಾಯುತ್ತದೆ ಅಂತಲ್ಲ.

ಇನ್ನು ಮಾವಿನ ಹೂವಿಗೆ ನೊಣಗಳು ಬೇಕು. ಪಡವಲ, ಸೋರೆ ಬಿಳಿ ಹೂ ಬಿಡುವುದು ಸಂಜೆ ಮತ್ತು ರಾತ್ರಿಯ ಪತಂಗಗಳಿಗಾಗಿ. ಕತ್ತಲಲ್ಲಿ ಬಿಳಿ ಎದ್ದು ಕಾಣುತ್ತದೆ. ಕೆಂಪು ದಾಸವಾಳಕ್ಕೆ ಸೂರಕ್ಕಿ ಬರುತ್ತದೆ. ಜೇನುಹುಳಗಳ ಕಣ್ಣಿಗೆ ಕೆಂಪು ಬಣ್ಣ ತಿಳಿಯುವುದಿಲ್ಲ, ನೀಲಿ, ಹಳದಿ ಚೆನ್ನಾಗಿ ಕಾಣುತ್ತವೆ. ಹಕ್ಕಿಗೆ ಕೆಂಪು ದೂರದಿಂದಲೇ ಕಾಣುತ್ತದೆ. ಹೂವಿನ ಬಣ್ಣ, ಆಕಾರ, ಅರಳುವ ಹೊತ್ತು ನೋಡಿದರೆ ಅದು ಯಾರನ್ನು ಕರೆಯುತ್ತಿದೆ ಅನ್ನುವುದನ್ನು ಒಂದು ಮಟ್ಟಿಗೆ ಊಹಿಸಬಹುದು.

ಇದು ಬರೀ ಕೈತೋಟದ ಮಾತಲ್ಲ. ಕೊಡಗಿನ ರೊಬಸ್ಟಾ ಕಾಫಿ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ ಪರಾಗ ಬೇಕು. ಕಾಫಿ ಮೊಗ್ಗು ಅರಳಿಸುವ ಹೂ ಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದ ಆ ಕೆಲವೇ ದಿನಗಳಲ್ಲಿ ಗಾಳಿಯ ಜೊತೆ ಹೆಜ್ಜೇನು, ತುಡುವೆಗಳೂ ಆ ಕೆಲಸ ಮಾಡುತ್ತವೆ.

ದರ್ಶಿನಿ ಮತ್ತು ತವರುಮನೆ

ಗಿಡ ಆರಿಸುವಾಗ ಬಹಳ ಜನ ಹೂವನ್ನು ಮಾತ್ರ ನೋಡುತ್ತಾರೆ. ಎಲೆಯನ್ನೂ ನೋಡಬೇಕು.

ಹೂವು ದರ್ಶಿನಿ ಹೋಟೆಲ್ ಇದ್ದಂತೆ. ಯಾರು ಬೇಕಾದರೂ ಬರಬಹುದು, ನಿಂತು ತಿನ್ನಬಹುದು, ಹೋಗಬಹುದು. ಒಂದೇ ಚಿಟ್ಟೆ ಹತ್ತು ಬಗೆಯ ಹೂವಿನಿಂದ ಮಕರಂದ ಹೀರುತ್ತದೆ. ಆದರೆ ಮೊಟ್ಟೆ ಇಡುವ ಹೊತ್ತಿಗೆ ಅದು ಹುಡುಕಿಕೊಂಡು ಹೋಗುವುದು ತನ್ನದೇ ಆದ ಕೆಲವು ಗಿಡಗಳನ್ನು. ಬಾಣಂತನಕ್ಕೆ ಮಗಳು ತವರಿಗೆ ಹೋದ ಹಾಗೆ. ಮರಿಹುಳ ತಿನ್ನುವುದು ಆ ಗಿಡದ ಎಲೆಯನ್ನೇ. ಬೇರೆ ಗಿಡದಲ್ಲಿ ಬಿಟ್ಟರೆ ಹಸಿದು ಸಾಯುತ್ತದೆ. ಇಂಥ ಗಿಡವನ್ನು ಆಸರೆ ಗಿಡ ಎನ್ನೋಣ.

ನಮ್ಮೆಲ್ಲರ ಮನೆಯಲ್ಲೂ ಇರುವ ಆಸರೆ ಗಿಡ ಕರಿಬೇವು. ಕಪ್ಪು ರೆಕ್ಕೆಯ ಮೇಲೆ ತಿಳಿಹಳದಿ ಚುಕ್ಕೆಗಳಿರುವ ನಿಂಬೆ ಚಿಟ್ಟೆ ಕರಿಬೇವು, ನಿಂಬೆ, ಬಿಲ್ವಪತ್ರೆಯ ಎಳೆ ಚಿಗುರಿನ ಮೇಲೆ ಒಂದೊಂದೇ ದುಂಡು ಮೊಟ್ಟೆ ಇಡುತ್ತದೆ. ಮೊದಲು ಹೊರಬರುವ ಮರಿ ಥೇಟ್ ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ. ಹಿಕ್ಕೆ ಎಂದುಕೊಂಡು ಹಕ್ಕಿಗಳು ಅದರ ತಂಟೆಗೆ ಬರುವುದು ಕಡಿಮೆ, ಹಾಗಾಗಿ ಬಚಾವು. ದೊಡ್ಡದಾದ ಮೇಲೆ ಎಲೆಯ ಹಸಿರು ಬಣ್ಣಕ್ಕೆ ತಿರುಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲು ಕೊಂಬಿನಂಥದ್ದನ್ನು ಹೊರಹಾಕಿ ಘಾಟು ವಾಸನೆ ಬಿಡುತ್ತದೆ. ಆಮೇಲೆ ಒಂದು ಕಡ್ಡಿಗೆ ಸೊಂಟಕ್ಕೆ ದಾರ ಬಿಗಿದುಕೊಂಡು ಕೋಶವಾಗುತ್ತದೆ. ಮೊಟ್ಟೆಯಿಂದ ಚಿಟ್ಟೆಯಾಗಲು ಮೂರು ನಾಲ್ಕು ವಾರ ಸಾಕು.

ಈ ಮರಿಹುಳ ಕಂಡ ಕೂಡಲೇ ಚಪ್ಪಲಿಯಲ್ಲಿ ಹೊಸಕುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಒಗ್ಗರಣೆಗೆ ಬೇಕು, ನಿಜ. ನೆಲದಲ್ಲಿ ಬೇರೂರಿದ ಕರಿಬೇವು ಒಂದು ಸಲ ಎಲೆ ಕಳೆದುಕೊಂಡರೂ ಮತ್ತೆ ಚಿಗುರುತ್ತದೆ. ಕುಂಡದ ಸಣ್ಣ ಗಿಡವಾದರೆ ತಡೆಯಲಾರದು. ಆಗ ಹುಳವಿರುವ ಕಡ್ಡಿಯನ್ನು ಕತ್ತರಿಸಿ ಬೇರೆ ನಿಂಬೆ ಗಿಡಕ್ಕೋ ದೊಡ್ಡ ಕರಿಬೇವಿಗೋ ಸಿಕ್ಕಿಸಿದರಾಯಿತು. ಒಂದು ಗಿಡ ಅಡುಗೆಗೆ, ಒಂದು ಗಿಡ ಚಿಟ್ಟೆಗೆ ಎಂದು ಎರಡು ಇಟ್ಟುಕೊಂಡರೆ ಜಗಳವೇ ಇಲ್ಲ.

ಬೇರೆ ಆಸರೆ ಗಿಡಗಳೂ ನಮಗೆ ಪರಿಚಯದವೇ. ಎಕ್ಕದ ಮೇಲೆ ಕಿತ್ತಳೆ ಬಣ್ಣದ ಹುಲಿಚಿಟ್ಟೆ ಬೆಳೆಯುತ್ತದೆ, ಎಕ್ಕದ ಹೂವಿಗೆ ಬಡಗಿ ದುಂಬಿ ಬರುತ್ತದೆ. ಕಣಗಿಲೆಯ ಎಲೆಯಡಿ ಬೆಳ್ಳಿಯ ಓಲೆಯಂತೆ ಹೊಳೆಯುತ್ತ ನೇತಾಡುವುದು ಕಂದು ಬಣ್ಣದ ಒಂದು ಚಿಟ್ಟೆಯ ಕೋಶ. ಕಕ್ಕೆ ಮತ್ತು ತಂಗಡಿಗೆ ತಿಳಿಹಳದಿ ಚಿಟ್ಟೆಗಳು, ಹರಳು ಗಿಡಕ್ಕೆ ಕಂದು ಗೆರೆಗಳ ಚಿಟ್ಟೆ. ನಂದಿಬಟ್ಟಲಿನ ಎಲೆ ತಿನ್ನುವ ದಪ್ಪ ಹಸಿರು ಹುಳ ಮುಂದೆ ಸೊಗಸಾದ ಹಸಿರು ಪತಂಗವಾಗುತ್ತದೆ. ಮಕ್ಕಳಿರುವ ಮನೆಯವರು ಇಲ್ಲಿ ಎಚ್ಚರ ವಹಿಸಬೇಕು. ಕಣಗಿಲೆಯ ಎಲ್ಲ ಭಾಗವೂ ವಿಷ, ಹರಳು ಬೀಜ ವಿಷ, ಎಕ್ಕದ ಹಾಲು ಕಣ್ಣಿಗೆ ತಾಗಬಾರದು.

ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್. ಕಪ್ಪು ಮತ್ತು ಹೊನ್ನಿನ ಹಳದಿ, ಹೆಸರಿಗೆ ತಕ್ಕ ಹಾಗೆ ಹಕ್ಕಿಯಷ್ಟು ದೊಡ್ಡದು. ಅದರ ಮರಿಗಳು ಬೆಳೆಯುವುದು ಈಶ್ವರಿ ಬಳ್ಳಿ ಮತ್ತು ಅದರ ಹತ್ತಿರದ ಬಳ್ಳಿಗಳ ಮೇಲೆ. ಪಶ್ಚಿಮ ಘಟ್ಟದ ಸೆರಗಿನಲ್ಲಿ ಹಿತ್ತಲು ಇರುವವರು ಈ ಬಳ್ಳಿ ಹಚ್ಚಿದರೆ ಅದು ಬರಬಹುದು. ಬಯಲು ಸೀಮೆಯಲ್ಲಾದರೆ ಅದೇ ಬಳ್ಳಿಗೆ ಕೆಂಪು ಮೈಯ ಬೇರೆ ಚಿಟ್ಟೆಗಳು ಬರುತ್ತವೆ. ಆದರೆ ನರ್ಸರಿಯಲ್ಲಿ ಇದೇ ಕುಲದ ದಕ್ಷಿಣ ಅಮೆರಿಕದ ಅಲಂಕಾರದ ಬಳ್ಳಿಯೂ ಸಿಗುತ್ತದೆ, ಚುಕ್ಕೆ ಚುಕ್ಕೆಯ ಹೂಜಿಯಂಥ ಹೂವಿನದು. ಆಸ್ಟ್ರೇಲಿಯಾದಲ್ಲಿ ಅಲ್ಲಿಯ ಬರ್ಡ್‌ವಿಂಗ್ ಚಿಟ್ಟೆಗಳು ಮೋಸಹೋಗಿ ಅದರ ಮೇಲೆ ಮೊಟ್ಟೆ ಇಟ್ಟವು, ಎಲೆ ತಿಂದ ಮರಿಗಳು ಸತ್ತವು. ಕೊಳ್ಳುವಾಗ ನಮ್ಮ ಈಶ್ವರಿ ಬಳ್ಳಿಯೇ ಎಂದು ಖಚಿತ ಮಾಡಿಕೊಳ್ಳಿ.

ಎಲೆ ತಿನ್ನುವ ಹುಳ ಇದ್ದರೆ ಹಕ್ಕಿಯೂ ಬರುತ್ತದೆ. ಗುಬ್ಬಿ ಕಾಳು ತಿನ್ನುತ್ತದೆ, ಆದರೆ ತನ್ನ ಮರಿಗೆ ಮೊದಲ ದಿನಗಳಲ್ಲಿ ಕೊಡುವುದು ಹುಳ. ಸೂರಕ್ಕಿಯೂ ಮರಿಗಳಿಗೆ ಜೇಡ, ಸಣ್ಣ ಹುಳ ತಂದು ತಿನ್ನಿಸುತ್ತದೆ. ಒಂದು ಎಲೆಯೂ ತೂತಾಗದ ತೋಟದಲ್ಲಿ ಹಕ್ಕಿಮರಿಗೆ ಊಟವಿಲ್ಲ.

ಎಲ್ಲ ಹೂವಿನಲ್ಲೂ ಊಟ ಇರುವುದಿಲ್ಲ

ಒಂಟಿ ಸುತ್ತಿನ ದಾಸವಾಳ ನೋಡಿ. ಐದು ಎಸಳು, ನಡುವೆ ಉದ್ದ ಕಡ್ಡಿ, ಅದರ ತುಂಬ ಪರಾಗ. ಈಗ ಮುದ್ದೆ ದಾಸವಾಳ ನೋಡಿ. ಎಸಳೋ ಎಸಳು. ಪರಾಗದ ಕಡ್ಡಿಗಳಾಗಬೇಕಿದ್ದ ಭಾಗವೇ ಎಸಳಾಗಿಬಿಟ್ಟಿದೆ. ಪರಾಗ ಕಡಿಮೆ, ಮಕರಂದ ಇದ್ದರೂ ತಲುಪಲು ದಾರಿಯಿಲ್ಲ. ಮುದ್ದೆ ನಂದಿಬಟ್ಟಲು, ಏಳು ಸುತ್ತಿನ ಮಲ್ಲಿಗೆ, ಚೆಂಡಿನಂತೆ ಉಬ್ಬಿದ ಚೆಂಡು ಹೂ ಎಲ್ಲದರದ್ದೂ ಹೆಚ್ಚುಕಮ್ಮಿ ಇದೇ ಕತೆ. ಪೂಜೆಗೆ, ಮುಡಿಯಲು ಅವು ಇರಲಿ. ಪಕ್ಕದಲ್ಲಿ ಒಂಟಿ ಸುತ್ತಿನದ್ದೂ ಒಂದಿರಲಿ. ನರ್ಸರಿಯಲ್ಲಿ ಹೂವಿನ ನಡುವೆ ಬೆರಳಿಟ್ಟು ನೋಡಿ, ಹಳದಿ ಪುಡಿ ಅಂಟಿದರೆ ತನ್ನಿ.

ಕೆಲವು ಹೂಗಳಲ್ಲಿ ಊಟವೇ ಕೇಡು. ಬೆಂಗಳೂರಿನ ಬೀದಿಗಳಲ್ಲಿ ಕಿತ್ತಳೆಗೆಂಪು ಹೂ ಬಿಡುವ ನೀರುಕಾಯಿ ಮರವಿದೆ. ಮಕ್ಕಳು ಮೊಗ್ಗು ಹಿಸುಕಿ ನೀರು ಚಿಮ್ಮಿಸುತ್ತಾರಲ್ಲ, ಅದು. ಆಫ್ರಿಕಾದ ಮರ. ಅದರ ಹೂವಿನೊಳಗೆ ಮುಜಂಟಿಯಂಥ ಚುಚ್ಚದ ಜೇನುಗಳು ಸತ್ತು ಬಿದ್ದಿರುವುದನ್ನು ಬ್ರೆಜಿಲ್‌ನಲ್ಲಿ ಗಮನಿಸಿದ್ದಾರೆ. ಹೊಸದಾಗಿ ನೆಡಲು ಬೇರೆ ಎಷ್ಟೋ ಮರಗಳಿವೆ.

ನಮ್ಮ ನೆಲದ ಗಿಡವೇ ಆಗಬೇಕಾ?

ಮಕರಂದದ ಮಟ್ಟಿಗೆ ಕಡ್ಡಾಯವಿಲ್ಲ. ಚೆಂಡು ಹೂ, ಸೂರ್ಯಕಾಂತಿ, ಗಸಗಸೆ ಹಣ್ಣಿನ ಮರ ಎಲ್ಲ ಅಮೆರಿಕ ಖಂಡದಿಂದ ಬಂದವು. ಸೂರ್ಯಕಾಂತಿಗೆ ಜೇನು ಮುತ್ತುತ್ತದೆ, ಗಸಗಸೆ ಹಣ್ಣಿಗೆ ಹಕ್ಕಿ, ಬಾವಲಿ ಬರುತ್ತವೆ. ಆದರೆ ಎಲೆಯ ವಿಷಯದಲ್ಲಿ ಮಾತು ಬೇರೆ. ನಮ್ಮ ಚಿಟ್ಟೆ, ಪತಂಗಗಳು ಸಾವಿರಾರು ವರ್ಷಗಳಿಂದ ಹೊಂದಿಕೊಂಡಿರುವುದು ಇಲ್ಲಿಯ ಗಿಡಗಳ ಜೊತೆ. ತವರುಮನೆ ದೂರದ ದೇಶದಲ್ಲಿ ಇರಲು ಹೇಗೆ ಸಾಧ್ಯ, ಅಲ್ವಾ?

ಇನ್ನೊಂದು ಎಚ್ಚರಿಕೆ ಲಂಟಾನದ ಬಗ್ಗೆ. ಚಿಟ್ಟೆಗಳು ಮುತ್ತುತ್ತವೆ ಎಂದು ಅದನ್ನು ನೆಡಬೇಡಿ. ಅಲಂಕಾರಕ್ಕೆಂದು ಬ್ರಿಟಿಷರ ಕಾಲದಲ್ಲಿ ತಂದ ಗಿಡ ಇವತ್ತು ಬಂಡೀಪುರದ ಕಾಡಿನ ನೆಲವನ್ನು ಮುಚ್ಚಿಕೊಂಡಿದೆ. ಅದರ ಹಣ್ಣು ತಿಂದ ಹಕ್ಕಿಗಳೇ ಬೀಜ ಹರಡುತ್ತವೆ. ಅದೇ ಜಾಗಕ್ಕೆ ಕೇಪಳ ಹಾಕಿ. ಕೆಂಪು ಗೊಂಚಲು, ಉದ್ದ ಕೊಳವೆಯ ಹೂ, ಚಿಟ್ಟೆಗೂ ಸೂರಕ್ಕಿಗೂ ಇಷ್ಟ.

ಮಳೆಗಾಲದ ಹಸಿವು

ಬೇಸಿಗೆಯಲ್ಲಿ ಹುಳಗಳಿಗೆ ಹೂವಿನ ಬರವಿಲ್ಲ. ಹೊಂಗೆ, ಬೇವು, ನೇರಳೆ, ಹುಣಸೆ ಒಂದಾದ ಮೇಲೊಂದು ಅರಳುತ್ತವೆ. ಕಷ್ಟ ಬರುವುದು ಮಳೆಗಾಲದಲ್ಲಿ. ಹೂ ಕಡಿಮೆ, ಇದ್ದ ಮಕರಂದವೂ ತೊಳೆದುಹೋಗುತ್ತದೆ. ಮಲೆನಾಡಿನಲ್ಲಿ ಜೇನು ಸಾಕುವವರು ಆ ತಿಂಗಳುಗಳಲ್ಲಿ ಪೆಟ್ಟಿಗೆಗೆ ಸಕ್ಕರೆ ಪಾಕ ಇಡುವುದು ಇದೇ ಕಾರಣಕ್ಕೆ.

ಹಾಗಾಗಿ ಕೈತೋಟದಲ್ಲಿ ವರ್ಷವಿಡೀ ಯಾವುದಾದರೂ ಒಂದು ಹೂ ಇರುವಂತೆ ನೋಡಿಕೊಳ್ಳಬೇಕು. ಕಾಮಕಸ್ತೂರಿ ಮತ್ತು ತುಳಸಿ ಇದಕ್ಕೆ ಎಲ್ಲಕ್ಕಿಂತ ಸುಲಭ. ತುಳಸಿಯ ತೆನೆಯನ್ನು ಕೂಡಲೇ ಚಿವುಟುವ ಅಭ್ಯಾಸವಿದ್ದರೆ ಒಂದು ಗಿಡದಲ್ಲಾದರೂ ಬಿಡಿ. ತುಂಬೆ ತಾನಾಗಿಯೇ ಮೊಳೆತರೆ ಕಳೆ ಎಂದು ಕೀಳಬೇಡಿ. ಕೊತ್ತಂಬರಿ, ಸಬ್ಬಸಿಗೆ, ಸಾಸಿವೆ, ಮೂಲಂಗಿಯಲ್ಲಿ ಒಂದೆರಡು ಗಿಡ ಕೀಳದೆ ಹೂವಾಗಲು ಬಿಡಿ. ಕೊತ್ತಂಬರಿ, ಸಬ್ಬಸಿಗೆಯ ಕೊಡೆಯಂಥ ಚಿಕ್ಕ ಹೂಗಳಿಗೆ ಗಾಳಿಯಲ್ಲಿ ನಿಂತಲ್ಲೇ ನಿಲ್ಲುವ ಸಣ್ಣ ನೊಣಗಳು ಬರುತ್ತವೆ. ಅವುಗಳ ಮರಿಗಳು ಗಿಡಹೇನು ತಿನ್ನುತ್ತವೆ. ಅವರೆ, ಹುಚ್ಚೆಳ್ಳು ಚಳಿಗಾಲಕ್ಕೆ ಒದಗುತ್ತವೆ. ಹುಚ್ಚೆಳ್ಳನ್ನು ಒಂದು ಹಿಡಿ ಕುಂಡಕ್ಕೆ ಸುಮ್ನೆ ಚೆಲ್ಲಿದರೂ ಬರುತ್ತದೆ.

ಒಂದೊಂದು ಜಾತಿಯನ್ನು ಒಂದೊಂದೇ ಗಿಡ ಚದುರಿಸಿ ಇಡುವ ಬದಲು ಮೂರು ನಾಲ್ಕು ಗಿಡ ಒಟ್ಟಿಗಿಡಿ. ಹುಳಕ್ಕೆ ದೂರದಿಂದ ಕಾಣುತ್ತದೆ, ಒಂದೇ ಕಡೆ ಹೊಟ್ಟೆಯೂ ತುಂಬುತ್ತದೆ.

ಮನೆ ಕಟ್ಟಲು ಜಾಗ, ಕುಡಿಯಲು ನೀರು

ಒಂಟಿ ಜೇನುಹುಳಗಳಲ್ಲಿ ಹೆಚ್ಚಿನವು ನೆಲದಲ್ಲಿ ತೂತು ಕೊರೆದು ಮರಿ ಮಾಡುತ್ತವೆ. ಅಂಗಳಕ್ಕೆಲ್ಲ ಟೈಲ್ಸ್ ಹಾಕಿದರೆ ಅವಕ್ಕೆ ಜಾಗವೇ ಇಲ್ಲ. ಬಿಸಿಲು ಬೀಳುವ ಒಂದು ಮೂಲೆಯಲ್ಲಿ ನಾಲ್ಕಡಿ ಮಣ್ಣನ್ನು ಅಗೆಯದೆ ಬಿಡಿ. ಬಡಗಿ ದುಂಬಿಗೆ ಒಣ ಬಿದಿರು, ಒಣ ಕೊಂಬೆ ಸಾಕು. ಗೋಡೆಯ ಮೇಲೆ ಮಣ್ಣಿನ ಪುಟ್ಟ ಗಡಿಗೆ ಕಟ್ಟುವ ಕುಂಬಾರ ಹುಳದ ಗೂಡನ್ನು ಕೆಡವಬೇಡಿ. ಅದು ತನ್ನ ಮರಿಗಾಗಿ ಆ ಗಡಿಗೆಗೆ ತುಂಬುವುದು ಎಲೆ ತಿನ್ನುವ ಹುಳಗಳನ್ನು. ಗುಲಾಬಿ ಎಲೆಯ ಅಂಚನ್ನು ಯಾರೋ ಕತ್ತರಿಯಲ್ಲಿ ದುಂಡಗೆ ಕತ್ತರಿಸಿದ ಹಾಗಿದ್ದರೆ ಅದು ರೋಗವಲ್ಲ. ಒಂದು ಬಗೆಯ ಜೇನುಹುಳ ಗೂಡಿಗೆ ಹಾಸಲು ಒಯ್ದಿದೆ.

ನೀರಿಗೆ ಒಂದು ಅಗಲದ ಮಣ್ಣಿನ ತಟ್ಟೆ, ಅದರಲ್ಲಿ ನೀರಿನಿಂದ ಮೇಲೆ ಏಳುವಷ್ಟು ಕಲ್ಲುಗಳು. ಹುಳಗಳು ಕಲ್ಲಿನ ಮೇಲೆ ಕೂತು ಕುಡಿಯುತ್ತವೆ, ಮುಳುಗುವುದಿಲ್ಲ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ಸೊಳ್ಳೆ ಆಗುವುದಿಲ್ಲ.

ಔಷಧಿ ಹೊಡೆಯುವ ಮುಂಚೆ

ಇಷ್ಟೆಲ್ಲ ಮಾಡಿ ಒಂದು ಬಾಟಲಿ ಕೀಟನಾಶಕ ಸಿಂಪಡಿಸಿದರೆ ಕರೆದು ಕೊಂದ ಹಾಗೆ. ಇಮಿಡಾಕ್ಲೋಪ್ರಿಡ್‌ನಂಥವು ಎಲೆಯ ಮೇಲೆ ಮಾತ್ರ ಉಳಿಯುವುದಿಲ್ಲ. ಬಿಸಿನೀರಿಗೆ ಟೀ ಪುಡಿ ಇಳಿದ ಹಾಗೆ ಗಿಡದ ಒಳಗೆಲ್ಲ ಇಳಿದು ಪರಾಗ, ಮಕರಂದಕ್ಕೂ ಸೇರುತ್ತವೆ. ಈ ಗುಂಪಿನ ಮೂರು ವಿಷಗಳನ್ನು ಹೊಲ, ತೋಟಗಳಲ್ಲಿ ಬಳಸುವುದನ್ನು ಯುರೋಪಿಯನ್ ಒಕ್ಕೂಟ 2018ರಲ್ಲಿ ನಿಷೇಧಿಸಿತು. ಗಿಡ ಕೊಳ್ಳುವಾಗ ಏನು ಹೊಡೆದಿದ್ದೀರಿ ಎಂದು ನರ್ಸರಿಯವರನ್ನು ಕೇಳಿ.

ಗಿಡಹೇನು ಬಂದರೆ ಮೊದಲು ನೀರನ್ನು ಜೋರಾಗಿ ಹಾಯಿಸಿ ನೋಡಿ. ಒಂದು ವಾರ ತಾಳಿದರೆ ಗುಲಗಂಜಿ ಹುಳಗಳು ಬಂದು ತಿನ್ನುವುದೂ ಉಂಟು. ಬೇವಿನ ಎಣ್ಣೆ ಹೊಡೆಯಲೇಬೇಕಿದ್ದರೆ ಹುಳಗಳ ಓಡಾಟ ನಿಂತ ಮೇಲೆ, ಅರಳಿದ ಹೂವನ್ನು ಬಿಟ್ಟು, ಪೀಡೆ ಇರುವ ಕಡೆ ಮಾತ್ರ ಹೊಡೆಯಿರಿ. ಬೇವಿನ ಎಣ್ಣೆ ಚಿಟ್ಟೆಯ ಮರಿಗೂ ವಿಷವೇ.

ಇರುವ ಜಾಗದಲ್ಲಿ ಎಲ್ಲಿಂದ ಶುರು ಮಾಡುವುದು?

ಬಾಲ್ಕನಿ ಮಾತ್ರ ಇದ್ದರೆ ಮೂರು ಕುಂಡ ಸಾಕು. ಕಾಮಕಸ್ತೂರಿ, ಕರಿಬೇವು, ಒಂಟಿ ಸುತ್ತಿನ ದಾಸವಾಳ. ತಾರಸಿ ಇದ್ದರೆ ಇವುಗಳ ಜೊತೆ ನಿಂಬೆ, ಕೇಪಳ, ನಂದಿಬಟ್ಟಲು, ಹೂವಾಗಲು ಬಿಟ್ಟ ಸೊಪ್ಪಿನ ಒಂದು ಕುಂಡ, ನೀರಿನ ತಟ್ಟೆ. ಮನೆ ಮುಂದೆ ಒಂದಿಷ್ಟು ನೆಲ ಇದ್ದರೆ ನುಗ್ಗೆ ಹಾಕಿ. ಅದರ ಹೂವಿಗೆ ದುಂಬಿ, ಜೇನು, ಸೂರಕ್ಕಿ ಎಲ್ಲವೂ ಬರುತ್ತವೆ. ಊರಲ್ಲಿ ಹಿತ್ತಲಿದ್ದರೆ ನೇರಳೆ, ಹೊಂಗೆ, ಕಕ್ಕೆಗಳಲ್ಲಿ ಒಂದು. ಬೇಲಿಗೆ ಮೊದಲಿಂದ ಇರುವ ಗಿಡಗಂಟಿಯನ್ನು ಪೂರ್ತಿ ಸವರಬೇಡಿ.

ಹುಳಗಳಿಗೆ ನಿಮ್ಮ ತಾರಸಿಯ ದಾರಿ ಗೊತ್ತಾಗಲು ಕೆಲವು ತಿಂಗಳು ಬೇಕು. ಅಲ್ಲಿಯ ತನಕ ಹೀರೆ ಕಾಯಿ ಉದುರದಂತೆ ನೀವೇ ಕೈಹಚ್ಚಬಹುದು. ಕುಂಬಳ, ಸೌತೆ, ಹಾಗಲ ಅರಳುವುದು ಬೆಳಗ್ಗೆ, ಹೀರೆ ಮತ್ತು ಸೋರೆ ಅರಳುವುದು ಸಂಜೆ. ಆ ಹೊತ್ತಿಗೆ ಆಗಷ್ಟೇ ಅರಳಿದ ಒಂದು ಗಂಡು ಹೂ ಕಿತ್ತು, ಎಸಳುಗಳನ್ನು ತೆಗೆದು, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ಅಂಟು ತುದಿಗೆ ಮೆಲ್ಲಗೆ ಸವರಿ. ಒಂದು ಗಂಡು ಹೂ ಎರಡು ಹೆಣ್ಣು ಹೂವಿಗೆ ಸಾಕಾಗುತ್ತದೆ.